ಬಾಣಲೆಯಲ್ಲಿ ಕಲ್ಲುಹೂವು

ನಾನು ಒಂದು ಕಲ್ಲುಹೂವು. ಹೆಸರಿಗೆ ಹೂವು, ಬೇರಿಲ್ಲ, ದಳವಿಲ್ಲ, ಮೊಗ್ಗಾಗಿ ಅರಳಿದವನೂ ಅಲ್ಲ. ಖಾನಾಪುರದ ಕಾಡಂಚಿನ ಬಂಡೆಯೊಂದರ ಮೇಲೆ ಬೂದುಬಣ್ಣದ ಚುಕ್ಕೆಯಾಗಿ ಹುಟ್ಟಿದೆ. ಬೆಳೆಯಲು ನನಗೆ ಅವಸರವಿರಲಿಲ್ಲ, ಬಂಡೆಗೂ ಇರಲಿಲ್ಲ. ನಾನು ಅಂಗೈಯಗಲವಾಗುವಷ್ಟರಲ್ಲಿ ಪಕ್ಕದ ಸಸಿ ಮರವಾಗಿತ್ತು.

ಸೌದೆಗೆ ಬಂದ ಹೆಂಗಸೊಬ್ಬಳು ನನ್ನನ್ನು ಕೆರೆದು ಚೀಲಕ್ಕೆ ಹಾಕಿದಳು. ಒಣಗಿ ಕಪ್ಪಾದೆ. ಸಂತೆಯ ಮಸಾಲೆ ಅಂಗಡಿಯಲ್ಲಿ ಚಕ್ಕೆ, ಲವಂಗಗಳ ಮಗ್ಗುಲಲ್ಲಿ ಕೂತಿದ್ದು, ಕೊನೆಗೆ ರುದ್ರವ್ವನ ಮನೆ ಸೇರಿದೆ.

ಆ ಮನೆಯ ಕತೆಯನ್ನು ನನಗೆ ಹೇಳಿದ್ದು ಅಲ್ಲಿನ ಒಳಕಲ್ಲು. ರುದ್ರವ್ವನ ಮೂಗಿಗೆ ವಾಸನೆಯೇ ಹತ್ತದು. ಅವಳ ಓರಗಿತ್ತಿ ಚಂಪವ್ವ ಉಬ್ಬಸದವಳು, ಹೊಗೆಯ ಹತ್ತಿರ ನಿಲ್ಲಲಾರಳು. ಮೂಗು ಮಾತ್ರ ಬಲು ಚುರುಕು. ಬೇಸಿಗೆಯಲ್ಲಿ ಮಸಾಲೆ ಖಾರ ಮಾಡುವಾಗ ಹಿರಿಯಳು ಒಲೆಯ ಮುಂದೆ ಹುರಿಯುವಳು. ಕಿರಿಯಳು ಹಿತ್ತಲ ಕಟ್ಟೆಯ ಮೇಲೆ ಕೂತು ಘಮ ಹಿಡಿದು, “ಸಾಕ್ರೀ ಅಕ್ಕಾ, ಇಳಸ್ರಿ!” ಎಂದು ಕೂಗುವಳು. ಊರಲ್ಲಿ ಅಂಥ ಖಾರ ಇನ್ನೊಂದಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು. ಈದ ಎಮ್ಮೆಯ ಗಿಣ್ಣದ ಹಾಲು ಮೊದಲು ಯಾರ ತವರಿಗೆ ಹೋಯಿತೆಂಬ ಜಗಳಕ್ಕೆ ಅಡುಗೆಮನೆಯ ನಡುವೆ ಗೋಡೆಯೇ ಎದ್ದಿತ್ತು. ಈ ಸಲ ರುದ್ರವ್ವ ಒಬ್ಬಳೇ ಹುರಿಯಲು ಕೂತಳು.

ರಜೆಗೆ ಬಂದಿದ್ದ ಮಗಳು ಸುಲೋಚನಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೊರದಿಂದ ನನ್ನನ್ನೆತ್ತಿ ಹೇಳಿದಳು:

“ಯವ್ವಾ, ಇದು ಒಂದ್ ಜೀವ ಅಲ್ಲ, ಎರಡು. ಅಣಬಿ ಜಾತೀದೊಂದು, ಪಾಚಿ ಒಂದು. ಅಣಬಿ ಕಲ್ಲ ಹಿಡಕೊಂಡು ನೀರ ಕೂಡಿಡತೈತಿ, ಪಾಚಿ ಬಿಸಲಾಗ ಇಬ್ಬರಿಗೂ ಅಡಗಿ ಮಾಡತೈತಿ. ಇಂಥಾವನ್ನ ನೋಡೇ ಜರ್ಮನಿ ಪಂಡಿತರು ಸಿಂಬಯೋಸಿಸ್ ಅಂದ್ರು. ಗ್ರೀಕ್ ಮಾತು ಅದು. ಸಿನ್ ಅಂದ್ರ ಕೂಡಿ, ಬಯೋಸ್ ಅಂದ್ರ ಬದುಕು. ನಾವು ಸಹಜೀವನ ಅಂತೀವಿ.”

ನಾನು ಇಬ್ಬರೆಂದು ನನಗೂ ಆಗಲೇ ತಿಳಿದದ್ದು!

“ಎರಡೂ ಜಗಳಾ ಆಡದಂಗ ಇರತಾವೇನು?”

“ಜಗಳಾ ಆಡಬಾರದು ಅಂತ ಆ ಮಾತಿನಾಗ ಎಲ್ಲೂ ಇಲ್ಲವಾ. ಬ್ಯಾರೆ ಬ್ಯಾರೆ ಜಾತಿ ಜೀವ ಕೂಡಿ ಬದುಕೂದು, ಅಷ್ಟ.”

“ಹೋಗ, ನಿನ್ನ ಸಾಲಿ ಹುಡುಗರಿಗೆ ಹೇಳ್ಹೋಗ,” ಎಂದು ರುದ್ರವ್ವ ನನ್ನನ್ನು ಬಾಣಲೆಗೆ ಸುರಿದಳು.

ನನ್ನ ಬಣ್ಣವೇ ಕಪ್ಪು. ಹದವಾಯಿತೋ ಸುಟ್ಟಿತೋ ಕಣ್ಣಿಗೆ ತಿಳಿಯದು, ಮೂಗಿಗೇ ತಿಳಿಯಬೇಕು. ನಾನು ಕರಕಾದರೆ ವರ್ಷದ ಖಾರವೆಲ್ಲ ಕಹಿ. ರುದ್ರವ್ವ ಬಗ್ಗಿ ನೋಡಿದಳು, ಕೈಯಾಡಿಸಿದಳು, ಮತ್ತೆ ನೋಡಿದಳು. ನನ್ನ ಅಂಚುಗಳು ಚುರುಗುಟ್ಟತೊಡಗಿದವು. ಹೊಗೆ ಗೋಡೆ ದಾಟಿತು. ಆಚೆ ಕೆಮ್ಮು ಕೇಳಿತು. ನನ್ನ ಕತೆ ಮುಗಿಯಿತು ಅಂದುಕೊಂಡೆ.

“ಅಕ್ಕಾ, ಇಳಸ್ರೀ! ಕಲ್ಲಹೂವಾ ಹೊತ್ತತೈತಿ!”

ರುದ್ರವ್ವ ಸೆರಗಿನಲ್ಲೇ ಬಾಣಲೆ ಹಿಡಿದು ಇಳಿಸಿದಳು. ಉಸಿರು ಬಿಟ್ಟು, ಗೋಡೆಗೆ ಮುಖ ಮಾಡಿ, “ಇಷ್ಟ ದಿನ ಬಾಯಿ ಎಲ್ಲಿಟ್ಟಿದ್ದೇ?” ಎಂದಳು.

“ಕಲ್ಲಹೂವಿನ ಮ್ಯಾಲ ಮರುಕ ಬಂದು ಒದರೀನ್ರಿ, ನಿಮ್ಮ ಮ್ಯಾಲಲ್ಲ!”

“ಹಂಗಾದ್ರ ಅಲ್ಲೇ ಕುಂದ್ರು. ಲವಂಗ ಇನ್ನೂ ಹುರಿಯೂದೈತಿ.”

ಗೋಡೆ ಬೀಳಲಿಲ್ಲ. ಗಿಣ್ಣದ ಜಗಳವೂ ಮುಗಿದಿಲ್ಲ. ಈಗ ಅದನ್ನು ಮಾತಾಡಿಯೇ ಆಡುತ್ತಾರೆ. ನಮ್ಮನ್ನೆಲ್ಲ ಕುಟ್ಟಿ ಎರಡು ಭರಣಿಗಳಿಗೆ ತುಂಬಿದರು. ಒಂದು ಆಚೆ ಹೋಯಿತು, ಒಂದು ಇಲ್ಲೇ ಉಳಿಯಿತು.

ಮತ್ತೆ ಬೇಸಿಗೆ ಬಂದಿದೆ. ಭರಣಿಯ ತಳದಲ್ಲಿ ಇನ್ನೊಂದು ಚಮಚೆಯಷ್ಟು ಉಳಿದಿದ್ದೇನೆ. ಒಲೆಯ ಮೇಲೆ ಹೊಸ ಕಲ್ಲುಹೂವು, ಹಿತ್ತಲ ಕಟ್ಟೆಯ ಮೇಲೆ ಅದೇ ಮೂಗು. ನಾನು ಗೋಡೆಯ ಈಚೆಗೂ ಇದ್ದೇನೆ, ಆಚೆಗೂ ಇದ್ದೇನೆ. ಎರಡಾಗಿ ಬದುಕುವುದು ನನಗೇನೂ ಹೊಸದಲ್ಲ.