ಗುಬ್ಬಿಯ ಫೈಲು

ಮೂರನೇ ಸಲ ಅಳಿಸಿದರೂ ಫೈಲು ಹೋಗಲಿಲ್ಲ. ‘ಈ ಫೈಲು ಬೇರೆ ಕಡೆ ತೆರೆದಿದೆ, ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ’ ಎಂದು ಪರದೆಯ ಮೇಲೆ ಅದೇ ಚೌಕ, ಅದೇ ಉಪದೇಶ. ಅವಳು ಮೌಸನ್ನು ಮೇಜಿಗೆ ಕುಟ್ಟಿದಳು. ಬೆಳಗ್ಗಿನಿಂದ ಇನ್ನೂರ ಹನ್ನೊಂದು ಗಿರಾಕಿಗಳ ಪಾದಗಳನ್ನು ಅಳಿಸಿ ಹಾಕಿದ್ದಳು, ಒಬ್ಬರೂ ಕೊಸರಾಡಿರಲಿಲ್ಲ. ಇದೊಂದು ಮಾತ್ರ ಜಪ್ಪಯ್ಯ ಎಂದರೂ ಜಾಗ ಬಿಡಲೊಲ್ಲದು.

ಅದು ಬೂಟಿನ ಅಂಗಡಿ. ಹಾಗೆಂದು ಸಾಲಾಗಿ ಡಬ್ಬಿ ಜೋಡಿಸಿಟ್ಟು ಮಾರುವಂಥದ್ದಲ್ಲ. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ಒಳಕ್ಕೆ ತಿರುಗಿದ ಮಕ್ಕಳಿಗೆ, ಅವರವರ ಕಾಲು ನೋಡಿಯೇ ಮಾಡಿಕೊಡುವ ಬೂಟು. ಮುಂದಿನ ಕೋಣೆಯಲ್ಲಿ ಅವಳು ಅಳತೆ ಹಿಡಿದು ಕಂಪ್ಯೂಟರಿಗೆ ಹಾಕುತ್ತಾಳೆ. ಹಿಂದಿನ ಕೋಣೆಯಲ್ಲಿ ಗಂಡ ಅದೇ ಫೈಲನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು, ಮಷೀನಿನಲ್ಲಿ ಚರ್ಮ ಕತ್ತರಿಸುತ್ತಾನೆ. ಒಬ್ಬ ಗಿರಾಕಿಗೆ ಒಂದು ಫೈಲು. ಬೆಳೆಯುವ ಮಕ್ಕಳಾದರೆ ಆರು ತಿಂಗಳಿಗೊಮ್ಮೆ ಕೆಳಗೊಂದು ಸಾಲು ಸೇರುತ್ತದೆ. ನಾಳೆ ಹೊಸ ಕಂಪ್ಯೂಟರು ಬರುವುದಿತ್ತು. ಎರಡು ವರ್ಷದಿಂದ ಬಾರದವರನ್ನೆಲ್ಲ ತೆಗೆದುಬಿಡಿ, ಭಾರ ಕಡಿಮೆಯಾಗಲಿ ಎಂದು ರಿಪೇರಿಯವನು ಹೇಳಿಹೋಗಿದ್ದ.

‘ಗುಬ್ಬಿ’ ಎಂಬ ಫೈಲನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಗುಬ್ಬಿ ಅವರ ಮಗಳು. ಎಡಗಾಲೂ ಅದರ ಪಾದವೂ ಗಿಡ್ಡವಾಗಿ ಹುಟ್ಟಿ, ಕುಪ್ಪಳಿಸಿಕೊಂಡೇ ನಡೆದವಳು. ಅಪ್ಪ ಮಾಮೂಲಿ ಬೂಟು ಬಿಟ್ಟು ಈ ಕೆಲಸ ಕಲಿತದ್ದೇ ಅವಳಿಗಾಗಿ. ಎಂಟು ವರ್ಷಕ್ಕೆ, ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಅದಾಗಿ ಆರು ವರ್ಷ. ದಿನಾ ಅಂಗಡಿ ತೆರೆದು ಪಟ್ಟಿ ತೆಗೆದರೆ ಆ ಹೆಸರು ಕಣ್ಣಿಗೆ ಬೀಳುತ್ತಿತ್ತು, ದಿನಾ ತಾಯಿ ಪಟ್ಟಿಯನ್ನು ಬೇಗಬೇಗ ಕೆಳಗೆ ಸರಿಸುತ್ತಿದ್ದಳು. ಇನ್ನು ಕೈಲಾಗದು ಎಂದು ಕಲ್ಲು ಮನಸ್ಸು ಮಾಡಿಯೇ ಇವತ್ತು ಕೂತಿದ್ದಳು.

ಗಂಡನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಆ ಮನುಷ್ಯ ಮಗಳನ್ನು ಮಣ್ಣು ಮಾಡಿ ಬಂದ ವಾರಕ್ಕೇ ಮಷೀನಿನ ಮುಂದೆ ಕೂತವನು. ಆಮೇಲೆ ಅವಳ ಹೆಸರು ಒಂದೇ ಒಂದು ಸಲ ಅವನ ಬಾಯಿಂದ ಬಂದಿರಲಿಲ್ಲ. ಇವಳು ಎತ್ತಿದರೆ ತುಟಿ ಪಿಟಕ್ಕೆನ್ನದೆ ಎದ್ದು ಹೋಗುತ್ತಿದ್ದ. ಮರೆತು ಆರಾಮಾಗಿದ್ದಾನೆ ಎಂದು ಇವಳಿಗೆ ಒಳಗೊಳಗೇ ಸಿಟ್ಟು. ಆ ಸಿಟ್ಟಿನಲ್ಲೇ, ಒಂದೇ ಮನೆಯಲ್ಲಿ ಒಂಟಿಯಾಗಿ ಬದುಕುವುದನ್ನು ರೂಢಿ ಮಾಡಿಕೊಂಡಿದ್ದಳು.

ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಫೈಲಿನ ಹೆಸರು ಬದಲಿಸಲು ನೋಡಿದಳು, ಬೇರೆ ಕಡೆಗೆ ಎಳೆದು ಹಾಕಲು ನೋಡಿದಳು. ಕೊನೆಗೆ ರಿಪೇರಿಯವನಿಗೇ ಫೋನ್ ಮಾಡಿದಳು.

“ಏನಕ್ಕಾ, ಇನ್ನೂ ಗುಡಿಸೋದು ಮುಗೀಲಿಲ್ವಾ?”

“ಒಂದು ಫೈಲು ಹೋಗ್ತಾನೇ ಇಲ್ಲ ಕಣಪ್ಪ. ವೈರಸ್ಸೇನಾದ್ರೂ ಹತ್ಕೊಂಡಿದ್ಯಾ ಅಂತ.”

“ಪಾಪ, ಎಲ್ಲದಕ್ಕೂ ವೈರಸ್ಸನ್ನೇ ಬೈತೀರಿ. ಫೈಲಿನ ಪಕ್ಕ ತಾರೀಖು ಇರುತ್ತಲ್ಲ, ಕೊನೇ ಸಲ ಬದಲಾಗಿದ್ದು ಯಾವತ್ತು ಅಂತ, ಅದನ್ನ ಓದಿ.”

ಅವಳು ಕನ್ನಡಕ ಸರಿಮಾಡಿಕೊಂಡಳು. “ಇವತ್ತಿಂದು ತೋರಿಸ್ತಿದೆ. ಹತ್ತೂವರೆ. ಅದು ಹೇಗಾಗುತ್ತೆ? ಆರು ವರ್ಷದಿಂದ ನಾನಿದನ್ನ ಮುಟ್ಟೇ ಇಲ್ಲ.”

“ಹಾಗಾದ್ರೆ ಅದಕ್ಕೆ ರೋಗ ಇಲ್ಲ ಅಕ್ಕ. ಹಿಂದಿನ ಕಂಪ್ಯೂಟರಿನಲ್ಲಿ ತೆಗೆದಿಟ್ಕೊಂಡು ಕೆಲಸ ಮಾಡ್ತಿದಾರೆ. ಅಲ್ಲಿ ಮುಚ್ಚೋ ತನಕ ಇಲ್ಲಿ ಅಳಿಸೋಕಾಗಲ್ಲ. ಅಣ್ಣನಿಗೆ ಮುಚ್ಚೋಕೆ ಹೇಳಿ, ಅಷ್ಟೇ.”

ಫೋನ್ ಇಟ್ಟು ಅವಳು ಎದ್ದು ಹಿಂದಕ್ಕೆ ನಡೆದಳು. ಹಿಂದಿನ ಕೋಣೆಯಲ್ಲಿ ಮಷೀನಿನ ಸದ್ದಿರಲಿಲ್ಲ.

ಗಂಡ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಪರದೆಯ ಮೇಲೆ ಎರಡು ಪಾದಗಳ ರೇಖೆ, ಪಕ್ಕದಲ್ಲಿ ಅಳತೆಯ ಸಾಲುಗಳು. ಮೊದಲಿನವು ಅವಳೇ ಹಾಕಿದವು. ಎಂಟನೇ ವರ್ಷಕ್ಕೆ ಅವು ನಿಲ್ಲಬೇಕಾಗಿತ್ತು, ನಿಂತಿರಲಿಲ್ಲ. ಎಂಟೂವರೆ, ಒಂಬತ್ತು, ಒಂಬತ್ತೂವರೆ ಎಂದು ಆರು ತಿಂಗಳಿಗೊಂದರಂತೆ ಹನ್ನೆರಡು ಸಾಲುಗಳು ಕೆಳಗಿಳಿದಿದ್ದವು. ಕೊನೆಯದು ಇವತ್ತಿನದು. ಹದಿನಾಲ್ಕು ವರ್ಷ, ಬಲಗಾಲು ಇಪ್ಪತ್ತಮೂರೂವರೆ ಸೆಂಟಿಮೀಟರು.

“ರೀ,” ಎಂದಳು.

ಅವನು ಬೆಚ್ಚಿ ಮೌಸಿಗೆ ಕೈ ಹಾಕಿದ, ಆಮೇಲೆ ಕೈ ಹಿಂತೆಗೆದ.

“ಬೆಳಗ್ಗಿಂದ ಇಲ್ಲಿ ಒಂದೊಂದೇ ಹೆಸರು ಮಾಯ ಆಗ್ತಿತ್ತು,” ಎಂದ, ತಿರುಗದೆ. “ನೀನು ಅಳಿಸ್ತಿದೀಯ ಅಂತ ಗೊತ್ತಾಯ್ತು. ಅದಕ್ಕೇ ತೆರೆದಿಟ್ಟೆ. ತೆರೆದಿದ್ರೆ ಹೋಗಲ್ಲ ಅಂತ.”

“ನನಗೊಂದು ಮಾತು ಹೇಳಬಾರದಿತ್ತಾ? ಆರು ವರ್ಷ ಆಯ್ತು.”

“ನಾನೂ ಅತ್ರೆ ನಿನ್ನ ಹಿಡ್ಕೊಳ್ಳೋರು ಯಾರು ಅಂದ್ಕೊಂಡೆ. ಆಮೇಲೆ ಹೇಗೆ ಹೇಳೋದು ಅಂತಲೇ ತಿಳೀಲಿಲ್ಲ.” ಅವನು ಪರದೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಮಕ್ಕಳ ಕಾಲು ನಿಲ್ಲಲ್ಲ ಕಣೇ. ನಿಲ್ಸೋಕೆ ನನಗೆ ಕೈ ಬರಲಿಲ್ಲ.”

ಅವಳಿಗೆ ಕೂಗಾಡಬೇಕು ಎನ್ನಿಸಿತು, ಅವನ ತಲೆಯನ್ನು ಎದೆಗೊತ್ತಿಕೊಳ್ಳಬೇಕು ಎಂದೂ ಎನ್ನಿಸಿತು. ಎರಡೂ ಆಗಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಅವನಿಗೆ ಹಾಕಿದ ಶಾಪವೆಲ್ಲ ನೆನಪಾಗಿ ನಾಚಿಕೆಯಾಯಿತು. ಕಣ್ಣೊರೆಸಿಕೊಂಡು, ಪರದೆಯ ಹತ್ತಿರ ಬಗ್ಗಿ, ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿದಳು. ಓದುತ್ತಾ ಓದುತ್ತಾ ಹುಬ್ಬು ಗಂಟಿಕ್ಕಿತು.

“ಎಡಗಾಲು ತಪ್ಪು,” ಎಂದಳು.

“ಏನು?”

“ಎರಡೂ ಕಾಲಿಗೆ ಒಂದೇ ಸಮ ಕೂಡಿಸ್ಕೊಂಡು ಬಂದಿದೀರ. ಅವಳ ಎಡಗಾಲು ಹಾಗೆ ಬೆಳೀತಿರಲಿಲ್ಲ. ಬಲಗಾಲು ನಾಲ್ಕು ಮಿಲಿಮೀಟರ್ ಬೆಳೆದ್ರೆ ಅದು ಎರಡೇ. ಕಾಲು ಹಿಡಿದು ಅಳೀತಿದ್ದೋಳು ನಾನು. ನೀವು ಬರೀ ಕತ್ತರಿಸ್ತಿದ್ರಿ.”

ಅವನು ಈಗ ತಿರುಗಿ ನೋಡಿದ. “ಹಾಗಾದ್ರೆ ಈ ಅಳತೆಗೆ ಬೂಟು ಮಾಡಿದ್ರೆ...”

“ಸಡಿಲ ಆಗುತ್ತೆ,” ಎಂದಳು. “ಎಡವಿ ಬೀಳ್ತಾಳೆ.”

ಅವನು ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ಸರಿದ. ಉಳಿದ ಅರ್ಧದಲ್ಲಿ ಅವಳು ಕೂತು, ಎಂಟೂವರೆ ವರ್ಷದ ಸಾಲಿಗೆ ಹೋಗಿ, ಎಡಗಾಲಿನ ಅಂಕೆಯನ್ನು ಅಳಿಸಿ ಹೊಸದನ್ನು ಬರೆದಳು. ಪರದೆಯ ಮೇಲಿನ ಎಡಪಾದ ಕೂದಲೆಳೆಯಷ್ಟು ಚಿಕ್ಕದಾಯಿತು. ಅವಳು ಮುಂದಿನ ಸಾಲಿಗೆ ಇಳಿದಳು.