ಇಲ್ಮಾಳ ಹೆಸರಿನ ಕೋವಿ

"ಹೆಂಡ್ತಿಗೆ ಕಣಯ್ಯ, ನಂಗಲ್ಲ," ಎಂದು ವೈನೊ ಮೂರನೆಯ ಸಲ ಹೇಳಿದ. ಕೋವಿ ಅಂಗಡಿಯ ಟ್ರೆವಾರೊ ಯಾರಿಗೆಂದು ಕೇಳಿದ್ದು ಒಂದೇ ಸಲ. ಅದು ವೈನೊಗೂ ಹೊಳೆದು ಕಿವಿ ಬಿಸಿಯಾಯಿತು.

ಟ್ರೆವಾರೊ ಕನ್ನಡಕವನ್ನು ಹಣೆಗೇರಿಸಿ ಇಲ್ಮಾಳ ಕಡೆ ನೋಡಿದ. ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಆಕೆ ಈ ಅಂಗಡಿಯ ಮೆಟ್ಟಿಲು ಹತ್ತಿದ್ದೆಂದರೆ ಗಂಡನಿಗೆ ಕೈಗವಸು ಕೊಳ್ಳಲು, ಅಷ್ಟೇ.

"ಬೇಟೆಗೆ ಹೊರಟ್ರಾ ಇಲ್ಮಾ? ಇದೇನು ಹೊಸ ಹುಚ್ಚು?"

"ಹೊರಟಿದೀನಂತೆ. ಬೆಳಗ್ಗೆ ಕಾಫಿ ಕುಡೀತಾ ಇವನೇ ಹೇಳ್ದ," ಎಂದಳು ಇಲ್ಮಾ.

ಅವಳು ಜೊತೆಗೆ ಬರುತ್ತಾಳೆಂದು ವೈನೊ ಎಣಿಸಿರಲಿಲ್ಲ. "ನಿಂಗೂ ಒಂದು ಹಗುರದ ಕೋವಿ ತರ್ತೀನಿ" ಎಂದದ್ದೇ ತಡ, ಕೋಟು ಹಾಕಿಕೊಂಡು ಅವನಿಗಿಂತ ಮೊದಲೇ ಗಾಡಿಯಲ್ಲಿ ಹೋಗಿ ಕೂತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಷ್ಟವೇ ಇದು. ಮೊದಲನೆಯದನ್ನು ಹೇಗೋ ಹೇಳಿಬಿಡುತ್ತಾನೆ, ಆಮೇಲೆ ಅದಕ್ಕೊಂದು ಕೋಟು ಬರುತ್ತದೆ, ಬೂಟು ಬರುತ್ತದೆ, ಅದು ಪಕ್ಕದ ಸೀಟಿನಲ್ಲಿ ಕೂರುತ್ತದೆ.

ಟ್ರೆವಾರೊ ಮೂರು ಕೋವಿಗಳನ್ನು ಇಳಿಸಿ ಮೇಜಿನ ಹಸಿರು ಬಟ್ಟೆಯ ಮೇಲೆ ಮಲಗಿಸಿದ. ಮೊದಲನೆಯದನ್ನು ತಾನೇ ಪಕ್ಕಕ್ಕೆ ಸರಿಸಿದ. "ಇದು ನರಿಗೆ ಸರಿ. ಜಿಂಕೆಗೆ ತಾಗತ್ತೆ, ಬೀಳ್ಸೋದು ಕಷ್ಟ. ತಾಗಿ ಓಡಿಹೋಗಿ ಸಿಗದೇ ಇದ್ರೆ ನಿಮಗೆ ಆ ವರ್ಷವಿಡೀ ಊಟ ಸೇರಲ್ಲ."

ವೈನೊ ಕಿಟಕಿಯ ಕಡೆ ತಿರುಗಿ, ಆಚೆ ನಿಂತಿದ್ದ ತನ್ನದೇ ಗಾಡಿಯನ್ನು ಬಹಳ ಹೊತ್ತು ನೋಡಿದ.

"ಇದು ಸೆವೆನ್ ಎಂಎಂ. ಒಳ್ಳೇದೇ, ಆದ್ರೆ ಹೊಡೆದಾಗ ಹೆಗಲಿಗೆ ಸ್ವಲ್ಪ ಒದೆಯತ್ತೆ. ಈ ನಡುವಿಂದು ನೋಡಿ, ಟೂ ಫಾರ್ಟಿ ತ್ರೀ, ಸಣ್ಣ ಗುಂಡಿಂದು. ನಿಮ್ಮ ಯಜಮಾನ್ರ ಹಳೇ ಕೋವಿ, ಆ ತರ್ಟಿ ಆಟ್ ಸಿಕ್ಸ್, ಒದೆಯೋದ್ರಲ್ಲಿ ಅರ್ಧನೂ ಒದೆಯಲ್ಲ. ನೂರು ಗ್ರೇನ್ ತೂಕದ ಗುಂಡು ಹಾಕಿ. ನೂರೈವತ್ತು ಗಜದೊಳಗೆ, ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ಇಟ್ರೆ ಎಂಥ ಜಿಂಕೆನೂ ಬೀಳತ್ತೆ. ಹೆಗಲ ಮೂಳೆ ಒಡೀತೀನಿ, ಅಡ್ಡಾದಿಡ್ಡಿ ಹೊಡೀತೀನಿ ಅನ್ನೋರಿಗಲ್ಲ. ಸರಿಯಾಗಿ ನಿಲ್ಲೋವರೆಗೂ ಕಾಯೋ ತಾಳ್ಮೆ ಬೇಕು."

ಅವನು ಇಲ್ಮಾಳ ಮೊಣಕೈಯಿಂದ ಬೆರಳಿನವರೆಗೆ ಗೇಣು ಹಾಕಿ ಅಳೆದು, ಒಳಗಿನಿಂದ ಅದೇ ಬಗೆಯ ಇನ್ನೊಂದು ಕೋವಿಯನ್ನು ತಂದ. ಹೆಗಲಿಗೆ ಒತ್ತಿಕೊಳ್ಳುವ ಅದರ ಮರದ ಹಿಡಿ ಗಿಡ್ಡ. ಇಲ್ಮಾಳ ಹೆಗಲಿಗೆ ಅದು ಹೇಳಿಮಾಡಿಸಿದಂತೆ ಕೂತಿತು.

"ಬೇಡ. ಉದ್ದದ್ದೇ ಇರ್ಲಿ," ಎಂದ ವೈನೊ.

"ಅವ್ರ ಕೈಗೆ ಅದು ಎರಡು ಬೆರಳು ಉದ್ದ ಆಗತ್ತಲ್ಲಪ್ಪ."

"ಉದ್ದದ್ದೇ ಇರ್ಲಿ ಅಂದೆನಲ್ಲ."

ಟ್ರೆವಾರೊನ ಕಣ್ಣು ವೈನೊನ ಉದ್ದ ತೋಳುಗಳ ಮೇಲೆ ಹಾದುಹೋದದ್ದನ್ನು ಇಲ್ಮಾ ನೋಡಿದಳು. ಗಿಡ್ಡ ಹಿಡಿಯ ಕೋವಿಯನ್ನು ಮೆತ್ತಗೆ ಕೆಳಗಿಟ್ಟಳು.

"ನಂಗೆ ಉದ್ದದ್ದೇ ಇಷ್ಟ. ದಪ್ಪ ಕೋಟು ಹಾಕ್ಕೊಂಡಾಗ ಸರಿಹೋಗತ್ತೆ," ಎಂದಳು.

ದಪ್ಪ ಕೋಟು ಹಾಕಿದರೆ ಹಿಡಿ ಇನ್ನೂ ಗಿಡ್ಡ ಬೇಕು. ಅದು ಟ್ರೆವಾರೊಗೂ ಗೊತ್ತು, ವೈನೊಗೂ ಗೊತ್ತು, ಬಹುಶಃ ಇಲ್ಮಾಳಿಗೂ ಗೊತ್ತಿತ್ತು.

ಉತ್ತರ ಮಿಶಿಗನ್ನಿನಲ್ಲಿ ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಹಿಂದಿನ ದಿನ ಮಧ್ಯಾಹ್ನ ವೈನೊನ ಮನೆತನದ ಬೇಟೆ ಗುಡಿಸಲಿನಲ್ಲಿ ತಟ್ಟೆಯ ಪರೀಕ್ಷೆ. ಅಪ್ಪ ಮಾಡಿದ ಕಟ್ಟಳೆ ಅದು: ನೂರು ಗಜ ದೂರದಲ್ಲಿ ಕಾಗದದ ಊಟದ ತಟ್ಟೆ, ಮೂರು ಈಡು, ಮೂರೂ ತಟ್ಟೆಯೊಳಗೆ. ಒಂದು ಆಚೆ ಹೋದರೂ ಆ ವರ್ಷ ಕೋವಿ ಒಲೆಯ ಪಕ್ಕದ ಮೊಳೆಗೆ, ಅದರ ಒಡೆಯ ಒಲೆಯ ಮುಂದಕ್ಕೆ. ಅಪ್ಪ ಹೋದ ಮೇಲೆ ತಟ್ಟೆ ನೋಡಿ ತೀರ್ಪು ಹೇಳುವ ಹಕ್ಕು ಹಿರಿಮಗ ವೈನೊಗೆ ಬಂತು. ಮೂರು ವರ್ಷದ ಹಿಂದೆ ತಮ್ಮ ಆರ್ವೊನ ಎರಡು ಗುಂಡು ಆಚೆ ಹೋದಾಗ ಎಲ್ಲರ ಮುಂದೆ, "ನಿನ್ನ ಕೈ ಹೋಯ್ತು ಕಣೋ, ಇನ್ನು ಸೌಟು ಹಿಡಿ" ಎಂದು ನಕ್ಕವನು ವೈನೊನೇ. ಆರ್ವೊ ಮರುವರ್ಷ ಬಂದ, ಆದರೆ ಕೋವಿಯನ್ನು ಮೊಳೆಯಿಂದ ಇಳಿಸಲಿಲ್ಲ. ಆಮೇಲೂ ಇಳಿಸಲಿಲ್ಲ.

ತೀರ್ಪು ಹೇಳುವವನನ್ನು ತಟ್ಟೆಯ ಮುಂದೆ ನಿಲ್ಲಿಸುವವರು ಯಾರೂ ಇರಲಿಲ್ಲ. "ಮನೇಲೇ ನೋಡ್ಕೊಂಡು ಬಂದಿದೀನಿ" ಎಂದರೆ ಮುಗಿಯಿತು. ಹಾಗೆಂದು ಕಳೆದ ವರ್ಷ ಕಾಡಿಗೆ ಹೋಗಿ, ಎಪ್ಪತ್ತು ಗಜದಲ್ಲಿ ಅಡ್ಡಲಾಗಿ ನಿಂತಿದ್ದ ಒಂದು ಹೆಣ್ಣುಜಿಂಕೆಯ ಹೊಟ್ಟೆಗೆ ಹೊಡೆದ. ಜೌಗಿನಲ್ಲಿ ಸಂಜೆಯವರೆಗೂ ರಕ್ತದ ಜಾಡು ಹಿಡಿದು ಅಲೆದರೂ ಅದು ಸಿಗಲಿಲ್ಲ. ಕೋವಿಯ ಮೇಲಿನ ಗುರಿ ನೋಡುವ ದುರ್ಬೀನು ಕದಲಿತ್ತು ಎಂದು ಎಲ್ಲರಿಗೂ ಹೇಳಿದ. ದುರ್ಬೀನು ಕದಲಿರಲಿಲ್ಲ. ಕೋವಿ ಸಿಡಿಯುವ ಮೊದಲೇ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಮೈ ಬೆಚ್ಚುತ್ತಿತ್ತು. ಎರಡು ವರ್ಷದಿಂದ ಹೀಗೆ. ಈ ಸಲ ದೊಡ್ಡಪ್ಪನ ಮಗ ಒನ್ನಿ ಫೋನು ಮಾಡಿ, "ಈ ವರ್ಷ ತಟ್ಟೆ ನಿನ್ನಿಂದಲೇ ಶುರು ಮಹಾರಾಯ" ಎಂದಿದ್ದ. ತಮಾಷೆಗೇ ಹೇಳಿದ್ದು. ಅಂದಿನಿಂದ ವೈನೊಗೆ ಸರಿಯಾಗಿ ನಿದ್ದೆಯಿಲ್ಲ.

ಭಾನುವಾರ ಇಬ್ಬರೂ ಗುರಿ ಅಭ್ಯಾಸಕ್ಕೆಂದು ಮರಳು ಗುಂಡಿಗೆ ಹೋಗಿ ಒಂದು ತಟ್ಟೆ ಕಟ್ಟಿದರು. ಇಲ್ಮಾ ಹಳೆಯ ಕೋವಿಯನ್ನೂ ಗಾಡಿಗೆ ಹಾಕಿದ್ದಳು. ಯಾಕೆಂದು ಅವನು ಕೇಳಲಿಲ್ಲ.

ಮೊದಲು ಅವಳೇ ಹೊಸ ಕೋವಿಯನ್ನು ಮರಳು ಚೀಲದ ಮೇಲಿಟ್ಟು, ಉದ್ದದ ಹಿಡಿಯೊಂದಿಗೆ ಸ್ವಲ್ಪ ಗುದ್ದಾಡಿ, ಒಂದು ಈಡು ಹೊಡೆದಳು. ತಟ್ಟೆಯ ಅಂಚಿನಲ್ಲಿ ತೂತು ಬಿತ್ತು.

"ಇಷ್ಟೇನಾ? ಇದಕ್ಕಾ ಇಷ್ಟು ವರ್ಷ ನವೆಂಬರ್ ಬಂದ್ರೆ ನೀವೆಲ್ಲ ಮೀಸೆ ತಿರುವ್ಕೊಂಡು ಓಡಾಡಿದ್ದು?"

"ನಿಂಗೆ ಯಾರು ಕಲಿಸಿದ್ರು?"

"ಅಪ್ಪ ಅಣ್ಣಂದಿರಿಗೆ ಕಲಿಸ್ತಿದ್ದ. ತೋಟಾ ತುಂಬಿ ಕೊಡೋ ಕೆಲಸ ನಂದು." ಅವಳು ಸಿಡಿದ ತೋಟಾವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡಳು. "ನಿಂದು ಹಳೇದು ಕೊಡಿಲ್ಲಿ. ಆ ಕಡೆ ಮುಖ ತಿರುಗಿಸು. ನಾನು ತುಂಬ್ತೀನಿ, ನೀನು ನೋಡ್ಬಾರ್ದು."

"ಯಾಕೆ?"

"ತಿರುಗಿಸು ಅಂದೆ."

ಮೊದಲ ಈಡು ಸಿಡಿಯಿತು, ಮರಳಿನ ದಿಬ್ಬದಲ್ಲಿ ಎಲ್ಲೋ ಹೂತಿತು. ಎರಡನೆಯದೂ ಹಾಗೇ. ಮೂರನೆಯ ಸಲ ಅವನು ಟ್ರಿಗರ್ ಎಳೆದಾಗ ಬರೀ ಟಕ್ ಎಂದಿತು. ಅವಳು ಗುಂಡೂ ಮದ್ದೂ ಇಲ್ಲದ ಸುಟ್ಟ ತೋಟಾವನ್ನೇ ತುಂಬಿದ್ದಳು. ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಕ್ಕಿತು. ಹೆಗಲು ಮುಂದಕ್ಕೆ ನುಗ್ಗಿತ್ತು. ಮುಖ ಕಿವುಚಿಕೊಂಡಿತ್ತು. ಹಾಗೇ ಕೂತಿದ್ದ ಅವನು ತನ್ನ ಮುಖ ತನ್ನ ಹೆಂಡತಿಗೆ ಹೇಗೆ ಕಾಣುತ್ತಿರಬಹುದೆಂದು ಯೋಚಿಸಿದ.

"ಆ ಜಿಂಕೆದು ದುರ್ಬೀನಿನ ತಪ್ಪಲ್ಲ ಅಲ್ವಾ?" ಎಂದಳು ಇಲ್ಮಾ.

ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. "ಅಲ್ಲ," ಎಂದ.

"ಈಗ ಹೊಸದು ತಗೋ."

ಹೊಸ ಕೋವಿಯಲ್ಲಾದರೂ ಸರಿಹೋಗುತ್ತದೆ ಎಂಬ ಒಂದೇ ಭರವಸೆ ಅವನಿಗೆ ಉಳಿದಿತ್ತು. ಅದರಲ್ಲೂ ಸುಟ್ಟ ತೋಟಾಕ್ಕೆ ನಳಿಗೆ ಕುಕ್ಕಿತು, ಗೇಣಲ್ಲದಿದ್ದರೂ ನಾಲ್ಕು ಬೆರಳು.

"ಇದು ಒದೆಯೋದೇ ಇಲ್ವಲ್ಲೇ," ಎಂದ ವೈನೊ.

"ಕೋವಿ ಬದಲಾಯ್ತು, ನೀನು ಬದಲಾಗಿಲ್ಲ. ಹಳೇದು ಒದ್ದದ್ದು ನಿನ್ನ ಮೈಗೆ ನೆನಪಿದೆ. ಮರೀಲಿ ಬಿಡು. ಹದಿನೈದು ದಿನ ಇದೆ."

ಹದಿನೈದು ದಿನವೂ ಬಂದರು. ಅವನು ಮುಖ ತಿರುಗಿಸಿ ನಿಲ್ಲುವುದು, ಅವಳು ತುಂಬಿ ಕೊಡುವುದು. ಒಳಗಿರುವುದು ಸುಟ್ಟದ್ದೋ ನಿಜವಾದದ್ದೋ ಗೊತ್ತಾಗದ ಮೇಲೆ ಮೈಗೆ ಹೆದರುವ ಗಳಿಗೆ ಸಿಗುವುದಿಲ್ಲ. ನಾಲ್ಕು ಬೆರಳು ಎರಡಾಯಿತು, ಒಂದಾಯಿತು. ಒಂದು ದಿನ ಟಕ್ ಎಂದಾಗ ನಳಿಗೆ ಇದ್ದಲ್ಲೇ ಇತ್ತು. ಇಲ್ಮಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.

ಹದಿನಾಲ್ಕನೆಯ ತಾರೀಖು ಗುಡಿಸಲಿಗೆ ಹೊರಡುವಾಗ ಅವನ ಜೇಬಿಗೆ ಎರಡು ಸುಟ್ಟ ತೋಟಾ ಹಾಕಿದಳು. "ಇವೂ ಇರ್ಲಿ. ಕೋವಿ ನಂದು ಅನ್ನೋದು ಮರೀಬೇಡ. ಎರವಲು ಕೊಟ್ಟಿದೀನಿ ಅಷ್ಟೆ. ಮುಂದಿನ ವರ್ಷ ಹಿಡಿ ಎರಡು ಬೆರಳು ಕತ್ತರಿಸ್ತೀನಿ."

ಗುಡಿಸಲಿನ ಮುಂದೆ ಒನ್ನಿ ಆಗಲೇ ಬೆಂಚು ಹಾಕಿ, ನೂರು ಗಜದಾಚೆ ತಟ್ಟೆ ಕಟ್ಟಿದ್ದ. ಆರ್ವೊ ಹೊಸ್ತಿಲಲ್ಲಿ ಕೂತು, ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು, ಪ್ಯಾಸ್ಟಿ ಎಂಬ ಮಾಂಸದ ಕಡುಬಿನೊಳಗೆ ತುಂಬಲು ರುಟಬಾಗ ಗೆಡ್ಡೆ ಹೆಚ್ಚುತ್ತಿದ್ದ. ಹೊಸ ಕೋವಿ ಚೀಲದಿಂದ ಈಚೆ ಬಂದದ್ದೇ ಒನ್ನಿ ಸಿಳ್ಳೆ ಹಾಕಿದ.

"ಟೂ ಫಾರ್ಟಿ ತ್ರೀನಾ? ಹುಡುಗೀರ ಕೋವಿ ಅಲ್ವೇನೋ ಇದು. ರಿಬ್ಬನ್ ಎಲ್ಲಿ?"

"ಇಲ್ಮಾದು. ಎರವಲು ತಂದಿದೀನಿ," ಎಂದ ವೈನೊ.

ಕೂತ. ಹೆಗಲಿಗೆ ಒತ್ತಿಕೊಂಡ. ಹಿಂದೆ ಗೆಡ್ಡೆ ಹೆಚ್ಚುವ ಸದ್ದು ನಿಂತಿತು. ಬೆನ್ನಿಗೆ ತಮ್ಮನ ಕಣ್ಣು ಚುಚ್ಚಿದಂತಾಗಿ, ಅವನ ರೆಪ್ಪೆ ಮೊದಲಿನಂತೆ ಮುಚ್ಚಿಕೊಳ್ಳತೊಡಗಿತು. ತಾನೇ ತುಂಬಿದ್ದರೂ ಒಳಗಿರುವುದು ಸುಟ್ಟದ್ದೇ ಇರಬಹುದು ಎಂದುಕೊಂಡ. ಒಂದು. ಸ್ವಲ್ಪ ಹೊತ್ತು ಬಿಟ್ಟು ಎರಡು. ಮೂರನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡ.

ಒನ್ನಿ ಹೋಗಿ ತಟ್ಟೆ ಬಿಚ್ಚಿ ತಂದು ಎತ್ತಿ ಹಿಡಿದ. ಮೂರು ತೂತುಗಳೂ ಒಳಗಿದ್ದವು, ಎರಡು ಪಕ್ಕಪಕ್ಕದಲ್ಲೇ. "ನಿಮ್ಮಪ್ಪನಿಗೆ ತಕ್ಕ ಮಗ ಕಣಯ್ಯ ನೀನು. ರಿಬ್ಬನ್ ಮಾತು ವಾಪಸ್ ತಗೊಂಡೆ," ಎಂದು ನಕ್ಕು, ಹೊಸ ತಟ್ಟೆ ಕಟ್ಟಿ ಬಂದು, ಸೌದೆ ತರಲು ಹಿತ್ತಲಿಗೆ ಹೋದ.

ವೈನೊ ಅಲ್ಲಿಗೆ ಮುಗಿಸಬಹುದಿತ್ತು. ಯಾರಿಗೂ ಏನೂ ಗೊತ್ತಿರಲಿಲ್ಲ, ಗೊತ್ತಾಗುತ್ತಲೂ ಇರಲಿಲ್ಲ. ತೆರೆದ ಬಾಗಿಲೊಳಗೆ ಒಲೆಯ ಪಕ್ಕದ ಮೊಳೆಯಲ್ಲಿ ಆರ್ವೊನ ಕೋವಿ ಕಾಣುತ್ತಿತ್ತು. ಅದರ ಪಟ್ಟಿಗೆ ಯಾರೋ ಒಲೆಯ ಮಸಿಬಟ್ಟೆ ನೇತುಹಾಕಿದ್ದರು.

"ಹೋದ ವರ್ಷ ದುರ್ಬೀನು ಸರಿಯಾಗೇ ಇತ್ತು ಆರ್ವೊ," ಎಂದ.

ಆರ್ವೊ ಮತ್ತೊಂದು ಗೆಡ್ಡೆ ಎತ್ತಿಕೊಂಡ.

"ಆ ಹೆಣ್ಣುಜಿಂಕೆಗೆ ತಪ್ಪಾಗಿ ಹೊಡೆದದ್ದು ನಾನೇ. ಹೊಡೆಯೋಕೆ ಮುಂಚೆ ಬೆಚ್ಚಿಬೀಳ್ತಿದ್ದೆ. ನಿಂದೂ ಅದೇ ಇತ್ತು. ಕೈ ಹೋಗಿರ್ಲಿಲ್ಲ. ಕೋವಿಯ ಹೆದರಿಕೆ ಅಷ್ಟೆ. ನಂಗೆ ಆಗ ಗೊತ್ತಿರ್ಲಿಲ್ಲ, ಗೊತ್ತಿದೆ ಅಂದ್ಕೊಂಡು ನಕ್ಕೆ."

ಚಾಕು ಗೆಡ್ಡೆಯೊಳಗೆ ಅರ್ಧಕ್ಕೆ ನಿಂತಿತ್ತು. "ಮೂರು ವರ್ಷ," ಎಂದ ಆರ್ವೊ. ದನಿ ಮೆತ್ತಗಿತ್ತು. "ಮೂರು ವರ್ಷ ನಿಮಗೆ ಈ ಹಾಳು ಗೆಡ್ಡೆ ಹೆಚ್ಚಿದೀನಿ. ಊರಲ್ಲಿ ಜನ ಏನು ಹೊಡೆದ್ಯೋ ಅಂತ ಕೇಳಿದ್ರೆ ಸೊಂಟ ನೋವು ಅಂತಿದ್ದೆ. ಈಗ ಬಂದು ಹೇಳ್ತೀಯಾ?"

"ಈಗ ಬಂದು ಹೇಳ್ತಿದೀನಿ."

ಆರ್ವೊ ಎದ್ದು ಒಳಗೆ ಹೋದ. ಬೋಗುಣಿಯನ್ನು ಮೇಜಿಗೆ ಕುಕ್ಕಿದ ಸದ್ದು ಬಂತು. ಬಾಗಿಲು ಹಾಕಿಕೊಳ್ಳುತ್ತಾನೆಂದು ವೈನೊ ಕಾದ. ಬಹಳ ಹೊತ್ತಾದ ಮೇಲೆ ಆರ್ವೊ ಷರ್ಟಿಗೆ ಕೈ ಒರೆಸಿಕೊಳ್ಳುತ್ತ ಈಚೆ ಬಂದು ಬೆಂಚಿನ ಮೇಲೆ ಕೂತ. ಇಲ್ಮಾಳ ಕೋವಿಯನ್ನು ಹೆಗಲಿಗೆ ಇಟ್ಟು ನೋಡಿದ. ಅಮ್ಮನ ಕಡೆಯ ಉದ್ದ ತೋಳು ಇಬ್ಬರಿಗೂ ಬಂದಿತ್ತು. ಹಿಡಿ ಸರಿಯಾಗಿ ಕೂತಿತು.

"ತೋಟಾ ಕೊಡು, ತುಂಬ್ಕೋತೀನಿ."

"ನೀನು ತುಂಬಿದ್ರೆ ಆಗಲ್ಲ. ನಾನೇ ತುಂಬ್ಬೇಕು. ನೀನು ನೋಡ್ಬಾರ್ದು. ಮುಖ ಆ ಕಡೆ ತಿರುಗಿಸು."

ಆರ್ವೊ ಅಣ್ಣನ ಮುಖವನ್ನೇ ನೋಡಿದ. ಅದರಲ್ಲಿ ನಗು ಎಲ್ಲಾದರೂ ಅಡಗಿದೆಯೇ ಎಂದು ಹುಡುಕುತ್ತಿದ್ದ. ಹಿತ್ತಲಲ್ಲಿ ಒನ್ನಿಯ ಕೊಡಲಿ ನಾಲ್ಕೈದು ಸಲ ಬಿತ್ತು. ಕೊನೆಗೆ ಆರ್ವೊ ಕೋವಿಯನ್ನು ಅವನ ಕೈಗೆ ಕೊಟ್ಟು ಮುಖ ತಿರುಗಿಸಿದ. ವೈನೊ ಜೇಬಿನಲ್ಲಿ ತಡಕಾಡಿ, ಸುಟ್ಟ ತೋಟಾವನ್ನೇ ತುಂಬಿ ಕೊಟ್ಟ.

ಆರ್ವೊ ಗುರಿ ಹಿಡಿದ, ಉಸಿರು ಬಿಟ್ಟ. ಟಕ್ ಎಂದಿತು. ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಕ್ಕಿತು.

ಇಬ್ಬರೂ ಅದನ್ನು ನೋಡಿದರು. ವೈನೊ ನಗಲಿಲ್ಲ. ಆರ್ವೊ ಕೋವಿಯನ್ನು ಅಣ್ಣನ ಕಡೆ ಚಾಚಿ, ಯಾರೂ ಹೇಳದೆ ಮುಖವನ್ನು ಮತ್ತೆ ಕಾಡಿನ ಕಡೆ ತಿರುಗಿಸಿಕೊಂಡ.