ನಾಲ್ಕು ಗಂಟೆಯ ನೀರು

ಹಿಲರಿ ಕ್ರಾಬ್‌ಟ್ರೀ ರೋಗಿಯೊಬ್ಬರ ಕೈ ಹಿಡಿದು ನೋಡದೆ ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೇ ಇರಬೇಕು, ಉತ್ತರ ಇಂಗ್ಲೆಂಡಿನ ಆ ಜಿಲ್ಲೆಯ ಎಲ್ಲ ನರ್ಸುಗಳಿಗೂ ಆಕೆಯನ್ನು ಮುಖ್ಯಸ್ಥೆಯಾಗಿ ಕೂರಿಸಿದ್ದರು. ಅಲ್ಲಿಯ ಆರೋಗ್ಯ ಮಂಡಳಿ ಮುದುಕರನ್ನು ತಾನೇ ನೋಡಿಕೊಳ್ಳುವುದಿಲ್ಲ. ನಲವತ್ತೊಂದು ಖಾಸಗಿ ಶುಶ್ರೂಷಾಲಯಗಳಿಗೆ ಅವರನ್ನು ವಹಿಸಿಕೊಟ್ಟು, ಕೈ ತೊಳೆದುಕೊಂಡು ಕೂತಿರುತ್ತದೆ. ಅಲ್ಲೆಲ್ಲ ಸೇವೆ ಚೆನ್ನಾಗಿದೆ, ಯಾವ ಜೀವಕ್ಕೂ ಹಿಂಸೆಯಾಗುತ್ತಿಲ್ಲ ಎಂದು ಭರವಸೆ ಕೊಡುವುದು ಹಿಲರಿಯ ಕೆಲಸ. ಭರವಸೆ ಮುದುಕರಿಗಲ್ಲ, ಮಂಡಳಿಗೆ.

ಇದಕ್ಕಾಗಿ ಆಕೆ ಒಂದು ಪಟ್ಟಿ ಮಾಡಿದ್ದಳು. ಐವತ್ತೆಂಟು ಪ್ರಶ್ನೆ. ಉತ್ತರ ಒತ್ತುತ್ತಾ ಹೋದರೆ ಕಂಪ್ಯೂಟರು ತಾನೇ ಕೆಂಪು, ಹಳದಿ, ಹಸಿರು ಎಂದು ಬಣ್ಣ ಹಾಕುತ್ತಿತ್ತು. ಹದಿನೇಳನೆಯ ಪ್ರಶ್ನೆ ಹೀಗಿತ್ತು: ಗಂಟೆಗಂಟೆಗೆ ಎಷ್ಟು ಕುಡಿದರೆಂದು ಬರೆಯುವ ನೀರಿನ ಚಾರ್ಟಿನಲ್ಲಿ ಖಾಲಿ ಚೌಕವಿದೆಯೇ? ಇಲ್ಲ ಎಂದರೆ ಹಸಿರು. ‘ಕ್ರಾಬ್‌ಟ್ರೀ ಪಟ್ಟಿ’ ಎಂದೇ ಹೆಸರಾದ ಇದನ್ನು ಪಕ್ಕದ ಮೂರು ಜಿಲ್ಲೆಗಳೂ ಕೇಳಿ ಪಡೆದಿದ್ದವು. ಪ್ರಶಸ್ತಿಯೂ ಬಂದಿತ್ತು. ಆ ಗಾಜಿನ ಫಲಕ ಆಕೆಯ ಮೇಜಿನ ಮೇಲೆ, ಬರುವವರ ಕಡೆ ಮುಖ ಮಾಡಿ ಕೂತಿತ್ತು.

ಥಿಸಲ್‌ಬೆಕ್ ಹೌಸ್ ಆ ನಲವತ್ತೊಂದರಲ್ಲಿ ಸತತವಾಗಿ ಐದು ಸಲ ಹಸಿರು ಪಡೆದದ್ದು. ಶುಕ್ರವಾರ ಅದನ್ನು ಮಾದರಿ ಶುಶ್ರೂಷಾಲಯವೆಂದು ಘೋಷಿಸಬೇಕು. ಸೋಮವಾರ, ದೊಡ್ಡಾಸ್ಪತ್ರೆಯಲ್ಲಿ ಜಾಗವಿಲ್ಲದೆ ಕಾರಿಡಾರಿನಲ್ಲಿ ಮಂಚ ಹಾಕಿಸಿಕೊಂಡು ಮಲಗಿರುವ ಇನ್ನೂ ಮೂವತ್ತು ಮುದುಕರನ್ನು ಅಲ್ಲಿಗೆ ಸಾಗಿಸಬೇಕು. ನಡುವೆ ಉಳಿದಿದ್ದು ಹಿಲರಿಯ ಒಂದು ಭೇಟಿ, ಒಂದು ಸಹಿ. ಹೇಳದೆ ಕೇಳದೆ ನುಗ್ಗುವುದು ಮರ್ಯಾದಸ್ಥರ ಲಕ್ಷಣವಲ್ಲವಾದ್ದರಿಂದ ಭೇಟಿಯ ಸುದ್ದಿಯನ್ನು ಎರಡು ವಾರ ಮೊದಲೇ ತಿಳಿಸಲಾಗಿತ್ತು. ಬಾಗಿಲಿಗೆ ಹೊಸ ಬಣ್ಣ ಬಂದಿತ್ತು.

"ಬನ್ನಿ ಹಿಲರಿ, ಬನ್ನಿ! ಸ್ಕೋನ್ ಬನ್ನು ಈಗಷ್ಟೇ ಒಲೆಯಿಂದ ತೆಗ್ದಿದ್ದು," ಎಂದಳು ಅಲ್ಲಿಯ ಮ್ಯಾನೇಜರ್ ಲೊರೇನ್ ಹೆಸ್ಕೆತ್. ನಗು ಬಾಯಲ್ಲಿತ್ತು, ಕಣ್ಣು ಹಿಲರಿಯ ಜೊತೆ ಬಂದವನ ಕೈಯಲ್ಲಿದ್ದ, ಪಟ್ಟಿ ತುಂಬುವ ಟ್ಯಾಬ್ಲೆಟ್ ಕಂಪ್ಯೂಟರಿನ ಮೇಲಿತ್ತು.

ಜೊತೆ ಬಂದವನು ಮಂಡಳಿಯ ಉಪ ನಿರ್ದೇಶಕ ಕ್ಲೈವ್ ಮಾಡ್ಸ್ಲಿ. ಐವತ್ತು ದಾಟಿದವನು, ನರ್ಸಲ್ಲ, ಲೆಕ್ಕಪತ್ರದಿಂದ ಬಂದವನು. ಫೈಲು ಕಂಡರೆ ಅವನ ಮುಖ ಅರಳುತ್ತಿತ್ತು. ಸ್ಕೋನಿಗೆ ಜಾಮ್ ಸವರಿಕೊಂಡೇ ಚಾರ್ಟುಗಳನ್ನು ತಿರುವಿಹಾಕಿದ.

"ಮೂವತ್ತೆಂಟು ಜನ, ಒಂದೂ ಖಾಲಿ ಚೌಕ ಇಲ್ಲ. ನೋಡಿ, ಎಷ್ಟು ಚಂದ!"

"ನಮ್ಮ ಹುಡುಗೀರು ಬಹಳ ಶಿಸ್ತು," ಎಂದಳು ಲೊರೇನ್.

ಹಿಲರಿ ಸ್ಕೋನ್ ತಟ್ಟೆ ಹಿಡಿದು ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದ್ದಳು, ಅಷ್ಟರಲ್ಲಿ ಕಾರಿಡಾರಿನ ಕಡೆಯಿಂದ ಒಂದು ಒಣ ದನಿ ಬಂತು.

"ಕ್ರಾಬ್‌ಟ್ರೀ! ಅದೇನು ನಡಿಗೆಯೇ, ಕುದುರೆ ಲಾಯನಾ ಇದು?"

ಹಿಲರಿಯ ಕೈಯಲ್ಲಿದ್ದ ಸ್ಕೋನ್ ತಟ್ಟೆಗೆ ಬಿತ್ತು. ಹಾಗೆ ಕರೆಯುತ್ತಿದ್ದವರು ಲೋಕದಲ್ಲಿ ಒಬ್ಬರೇ. ನಲವತ್ತು ವರ್ಷದ ಹಿಂದೆ, ಹತ್ತೊಂಬತ್ತರ ಹುಡುಗಿ ಹಿಲರಿ ನರ್ಸಿಂಗ್ ಕಲಿಯಲು ಬಂದಾಗ ಹೆಂಗಸರ ವಾರ್ಡಿನ ಯಜಮಾನಿಕೆ ನಡೆಸುತ್ತಿದ್ದ ಸಿಸ್ಟರ್ ಆಕ್ರಾಯ್ಡ್. ಒಮ್ಮೆ ಹಿಲರಿ ರೋಗಿಯ ನೀರಿನ ಜಗ್ಗನ್ನು ಕೈಗೆಟುಕದ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟಿದ್ದಳು. ಸಿಸ್ಟರ್ ಬೈಯಲಿಲ್ಲ. ಕುರ್ಚಿ ಎಳೆದು, ಕೈಯೆರಡನ್ನೂ ತೊಡೆಯ ಮೇಲೆ ಇಡಿಸಿ, ತಿಂಡಿಯಿಂದ ಊಟದವರೆಗೆ ಆ ಜಗ್ಗನ್ನೇ ನೋಡುತ್ತಾ ಕೂರಿಸಿದ್ದರು. ಈ ಕಥೆಯನ್ನು ಹಿಲರಿ ಎಷ್ಟೋ ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಸಿಸ್ಟರ್ ಇನ್ನೂ ಬದುಕಿದ್ದಾರೆಯೇ ಎಂದು ಮಾತ್ರ ವಿಚಾರಿಸಿರಲಿಲ್ಲ.

ಮೂವರೂ ದನಿ ಬಂದತ್ತ ಹೋದರೆ, ಒಂಬತ್ತನೆಯ ಕೋಣೆಯಲ್ಲಿ, ಸೊಂಟ ಮುರಿದು ಎದ್ದು ನಿಲ್ಲಲಾರದ ತೊಂಬತ್ತೆರಡರ ಮುದುಕಿಯಾಗಿ ಸಿಸ್ಟರ್ ದಿಂಬಿಗೆ ಒರಗಿದ್ದರು. ಜಗ್ಗು ಕಿಟಕಿಯ ಕಟ್ಟೆಯ ಮೇಲಿತ್ತು. ತುಂಬಿತ್ತು. ನೀರಿನ ಮೇಲೆ ತೆಳ್ಳಗೆ ಧೂಳು ಕೂತಿತ್ತು.

"ಸಿಸ್ಟರ್, ಹೇಗಿದ್ದೀರಿ? ನಾನೀಗ ಇಡೀ ಜಿಲ್ಲೆಯ..."

"ನಿನ್ನ ಹುದ್ದೆ ಕೇಳ್ಲಿಲ್ಲ ನಾನು. ನಾಲಗೆ ನೋಡು."

ಮುದುಕಿ ನಾಲಗೆ ಹೊರಹಾಕಿದಳು. ಒಣಗಿ, ಕಂದುಬಣ್ಣಕ್ಕೆ ತಿರುಗಿ, ನಡುವೆ ಸೀಳುಬಿಟ್ಟಿತ್ತು. ಹಿಲರಿಯ ಬೆರಳು ತಾನಾಗಿಯೇ ಆಕೆಯ ಮುಂಗೈಯ ಚರ್ಮವನ್ನು ಚಿವುಟಿ ಎತ್ತಿತು. ಬಿಟ್ಟ ಮೇಲೂ ಚರ್ಮ ಇಳಿಯಲಿಲ್ಲ; ಮೈಯಲ್ಲಿ ನೀರೇ ಇರಲಿಲ್ಲ.

"ಪಾಪ, ಅವರಿಗೆ ಮರೆವು," ಎಂದಳು ಲೊರೇನ್, ದನಿ ತಗ್ಗಿಸಿ. "ಕುಡೀತಾರೆ, ಕುಡಿದಿದ್ದು ಮರೀತಾರೆ. ಚಾರ್ಟ್ ನೋಡಿದ್ರೆ ಗೊತ್ತಾಗುತ್ತೆ."

"ಹೌದೌದು," ಎಂದು ಕ್ಲೈವ್ ಇವತ್ತಿನ ಚಾರ್ಟು ಹಿಡಿದು ಓದಿದ. "ಎಂಟಕ್ಕೆ ಇನ್ನೂರು ಮಿಲಿ. ಒಂಬತ್ತಕ್ಕೆ ಇನ್ನೂರು. ಹತ್ತಕ್ಕೆ..."

"ಅಷ್ಟೆಲ್ಲ ಬೇಡ ಮಾರಾಯ," ಎಂದಳು ಮುದುಕಿ. "ನಾಲ್ಕು ಗಂಟೆಗೆ ನಾನು ಏನು ಕುಡಿದೆ ಹೇಳು."

"ಸಂಜೆ ನಾಲ್ಕಕ್ಕೆ ಚಹಾ, ಇನ್ನೂರು ಮಿಲಿ. ಖುಷಿಯಿಂದ ಕುಡಿದರು ಅಂತ ಬರ್ದಿದ್ದಾರೆ."

"ಸಂತೋಷ. ಈಗ ಗಂಟೆ ಎಷ್ಟು?"

ಕ್ಲೈವ್ ಕೈಗಡಿಯಾರ ನೋಡಿಕೊಂಡ. "ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ."

ಕ್ಲೈವ್ ಚಾರ್ಟನ್ನೂ ಗಡಿಯಾರವನ್ನೂ ಎರಡೆರಡು ಸಲ ನೋಡಿದ. ಇವುಗಳಲ್ಲಿ ಗಡಿಯಾರವೇ ಕೆಟ್ಟಿರಬೇಕೆಂಬ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು.

"ಆದ್ರೂ..." ಎಂದ, "ಖಾಲಿ ಚೌಕ ಅಂತೂ ಇಲ್ಲ."

ಲೊರೇನಳ ನಗು ಕಳಚಿಬಿತ್ತು. "ಮೂವತ್ತೆಂಟು ಜನಕ್ಕೆ ಮೂರು ಹುಡುಗೀರು ನಂಗೆ. ನೀರು ಕೊಟ್ರೆ ಬರಿಯೋಕೆ ಪುರುಸೊತ್ತಿಲ್ಲ, ಬರೆದ್ರೆ ಕೊಡೋಕೆ ಪುರುಸೊತ್ತಿಲ್ಲ. ಒಂದು ಚೌಕ ಖಾಲಿ ಬಿಟ್ರೆ ಹಳದಿ ಅಂತೀರಿ. ನಿಮ್ಮ ಪಟ್ಟಿ ಕೇಳೋದು ಬರೆದಿದ್ದನ್ನ. ನೀರನ್ನ ಅದು ಯಾವತ್ತಾದ್ರೂ ಕೇಳಿದ್ಯಾ? ಅದಕ್ಕೇ ಬೆಳಿಗ್ಗೇನೇ ಇಡೀ ದಿನದ್ದು ತುಂಬಿಸಿ ಮುಗಿಸ್ತೀವಿ."

ಹಿಲರಿಗೆ ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ. ಕಿವಿಯ ತನಕ ಸುಡುವ ನಾಚಿಕೆ.

ಕೋಟು ಬಿಚ್ಚಿ, ತೋಳು ಮಡಿಸಿ, ಜಗ್ಗು ತೊಳೆದು ನೀರು ತುಂಬಿ ತಂದಳು. ಮುದುಕಿಯ ಕತ್ತಿನ ಹಿಂದೆ ಅಂಗೈ ಕೊಟ್ಟು, ಲೋಟವನ್ನು ತುಟಿಗೆ ತಾಗಿಸಿದಳು. ಆತುರಪಡಿಸಲಿಲ್ಲ. ಹತ್ತೊಂಬತ್ತು ವರ್ಷ ಸಭೆಗಳಲ್ಲಿ ಪೆನ್ನು ಹಿಡಿದ ಕೈಗೆ ಅದು ಇನ್ನೂ ನೆನಪಿತ್ತು. ಗುಟುಕು ಗುಟುಕಾಗಿ ಒಂದು ಲೋಟ ಖಾಲಿಯಾಯಿತು.

"ಈಗ ಬರಿ," ಎಂದರು ಸಿಸ್ಟರ್.

ಹಿಲರಿ ಪೆನ್ನು ತೆಗೆದಳು. ಬರೆಯಲು ಜಾಗವಿರಲಿಲ್ಲ. ರಾತ್ರಿ ಹತ್ತರವರೆಗೆ ಕುಡಿಯದ ನೀರು ಎಲ್ಲ ಚೌಕಗಳನ್ನೂ ಹಿಡಿದು ಕೂತಿತ್ತು. ನಿಜವಾಗಿ ಕುಡಿದ ಒಂದು ಲೋಟಕ್ಕೆ ಆ ಹಾಳೆಯಲ್ಲಿ ಎಡೆಯಿಲ್ಲ. ಆಕೆ ಹಾಳೆ ಮಗುಚಿ ಹಿಂಬದಿಯಲ್ಲಿ ಬರೆದಳು: ಬೆಳಿಗ್ಗೆ ಹನ್ನೊಂದು, ನೀರು ಒಂದು ಲೋಟ, ನನ್ನ ಕೈಯಿಂದ. ಸಹಿ ಹಾಕಿದಳು.

"ಹಿಂಬದಿಯನ್ನ ಪಟ್ಟಿ ತಗೊಳಲ್ಲ," ಎಂದ ಕ್ಲೈವ್.

ಫೋನು ಬಡಿದುಕೊಂಡಿತು. ಮಂಡಳಿಯ ಮುಖ್ಯಾಧಿಕಾರಿ ಡಂಕನ್.

"ಹಿಲರಿ, ಹಸಿರು ತಾನೇ?"

"ಕೆಂಪು."

"ತಮಾಷೆ ಮಾಡ್ಬೇಡಿ. ಮೂವತ್ತು ಜನ ಆಸ್ಪತ್ರೆ ಕಾರಿಡಾರಿನಲ್ಲಿದ್ದಾರೆ. ಮಂತ್ರಿಗಳ ಕಚೇರಿಯಿಂದ ದಿನಾ ಕೇಳ್ತಿದ್ದಾರೆ. ಹೋಗ್ಲಿ, ಹಸಿರಿಗೆ ಹತ್ತಿರದ ಹಳದಿ ಅಂತ ಏನಾದ್ರೂ..."

"ಕಾರಿಡಾರಿನಲ್ಲಿ ಅವರು ಕೂಗಿದ್ರೆ ಹೋಗಿ ಬರೋರಿಗಾದ್ರೂ ಕೇಳುತ್ತೆ, ಡಂಕನ್. ಇಲ್ಲಿ ಬಾಗಿಲು ಹಾಕಿರುತ್ತೆ. ಹೊಸಬರು ಯಾರೂ ಬರಬಾರದು. ಇಲ್ಲಿಗೆ ಬೇಕಾಗಿರೋದು ಇನ್ನೂ ಆರು ನರ್ಸು. ಶುಕ್ರವಾರ ನಾನು ಅದನ್ನೇ ಹೇಳ್ತೀನಿ, ಪಟ್ಟಿ ತಪ್ಪು, ಅದನ್ನ ಮಾಡಿದವಳು ನಾನು ಅಂತಾನೂ ಹೇಳ್ತೀನಿ." ಫೋನು ಇಟ್ಟಳು.

"ಟ್ಯಾಬ್ಲೆಟ್ಟು ಇನ್ನೂ ಹಸಿರೇ ತೋರಿಸ್ತಿದೆ," ಎಂದ ಕ್ಲೈವ್, ಅಳುವವನ ಹಾಗೆ. "ಕೆಂಪಾಗ್ಬೇಕಾದ್ರೆ ತುಂಬಾ ಚೌಕ ಖಾಲಿ ಇರ್ಬೇಕು."

ಹಿಲರಿ ಚಾರ್ಟು ಎಳೆದುಕೊಂಡು, ಬೆಳಗಿನಿಂದ ರಾತ್ರಿಯವರೆಗಿನ ಎಲ್ಲ ಚೌಕಗಳ ಮೇಲೂ ಒಂದು ಗೀಟು ಎಳೆದಳು. "ತಗೋ. ಎಲ್ಲ ಖಾಲಿ."

"ಮತ್ತೆ ಉಳಿದ ನಲವತ್ತು ಕಡೆ? ಎಲ್ಲಾ ಇದೇ ಪಟ್ಟಿ..."

"ಎಲ್ಲಾ ಕಡೆ ಹೋಗಿ ನಾಲಗೆ ನೋಡೋಣ. ಹೇಳದೇನೇ ಹೋಗೋಣ."

"ನಾಲಗೆ ಎಷ್ಟನೇ ಪ್ರಶ್ನೆ?" ಕ್ಲೈವ್ ಗಂಭೀರವಾಗಿಯೇ ಹುಡುಕತೊಡಗಿದ.

"ಕ್ರಾಬ್‌ಟ್ರೀ," ಎಂದರು ಸಿಸ್ಟರ್, "ಪಕ್ಕದ ಕೋಣೆಯ ವಿನಿಗೆ ಲಕ್ವ ಹೊಡೆದು ಮಾತು ಹೋಗಿದೆ. ನನ್ನ ಹಾಗೆ ಕೂಗೋಕೆ ಬರಲ್ಲ ಅವಳಿಗೆ. ಮೊದಲು ಅಲ್ಲಿಗೆ ಹೋಗು."

ಹಿಲರಿ ಜಗ್ಗು ಎತ್ತಿಕೊಂಡಳು. ಲೊರೇನ್ ಇನ್ನೆರಡು ಜಗ್ಗು ತುಂಬಿಸಿ ತಂದು, ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ಕ್ಲೈವನ ಕೈಗಿತ್ತಳು. ಅವನು ಟ್ಯಾಬ್ಲೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟ.

"ನಂಗೆ... ತಲೆ ಹೇಗೆ ಹಿಡೀಬೇಕು ಅಂತ ಗೊತ್ತಿಲ್ಲ," ಎಂದ.

"ಬಾ ಇಲ್ಲಿ," ಎಂದಳು ಮುದುಕಿ. "ನನ್ನ ಮೇಲೆ ಕಲ್ತುಕೋ. ನಂಗಿನ್ನೂ ಬಾಯಾರಿಕೆ ಹೋಗಿಲ್ಲ."